ಅಲೀಮಮ್ಮ ಖಾಲಿ ಬಿಟ್ಟ ಕಾಲಂ

ಜುಲೈ ಕೊನೆಯ ವಾರ, ಬೆಳಗಿನ ಐದೂಮುಕ್ಕಾಲು. ಪುತ್ತೂರಿನ ಖಾಸಗಿ ನರ್ಸಿಂಗ್ ಹೋಮೊಂದರ ಎರಡನೇ ಮಹಡಿ, ಗಂಡಸರ ವಾರ್ಡು. ಏಳನೇ ನಂಬರಿನ ಮಂಚದ ಸುತ್ತ ಹಸಿರು ಪರದೆ ಎಳೆದುಕೊಂಡು ಆಯಾ ಅಲೀಮಮ್ಮ ಪ್ರೇಮನಾಥರ ಬೆನ್ನು ಒರೆಸುತ್ತಿದ್ದಾರೆ. ಪ್ರೇಮನಾಥ ಗುಂಡ್ಯದ ಹೋಟೆಲೊಂದರಲ್ಲಿ ಪರೋಟ ತಟ್ಟುವವರು. ಪಾತ್ರೆ ತೊಳೆಯುವ ಜಾಗದಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು ಮೂರು ವಾರವಾಯಿತು. ಬೇಸಿನ್ನಿನ ಬಿಸಿನೀರಿಗೆ ಬಟ್ಟೆ ಅದ್ದುವಾಗಲೂ ಹಿಂಡುವಾಗಲೂ ಅಲೀಮಮ್ಮನ ತುಟಿ ಅಲ್ಲಾಡುತ್ತಿದೆ. ಏನೋ ಪ್ರಾರ್ಥನೆ ಇರಬೇಕೆಂದು ಪಕ್ಕದ ಮಂಚದವರು ತಿಳಿದಿದ್ದಾರೆ. ಅದು ಪ್ರಾರ್ಥನೆಯಲ್ಲ. "ಐ ವಾಶ್. ಐ ವಾಶ್ಡ್. ಐ ವಿಲ್ ವಾಶ್."

ಬೆನ್ನು ಒಣಗಿಸಿ, ಪೌಡರು ಹಾಕಿ, ಅಂಗಿ ತೊಡಿಸಿದ ಮೇಲೆ ಅವರು ನೇರ ನರ್ಸುಗಳ ಮೇಜಿಗೆ ಹೋಗುತ್ತಾರೆ. ಅಲ್ಲಿ ನೀಲಿ ರಟ್ಟಿನ ದಪ್ಪ ಪುಸ್ತಕವಿದೆ. ಅದರ ಮೂರನೇ ಕಾಲಮ್ಮಿನಲ್ಲಿ ಒಂದೊಂದೇ ಇಂಗ್ಲಿಷ್ ಅಕ್ಷರ ಕೂರಿಸುತ್ತಾ ಬರೆಯುತ್ತಾರೆ: ಐ ವಿಲ್ ವಾಶ್ ಹಿಮ್. ನಾನು ಅವರನ್ನು ತೊಳೆಯುತ್ತೇನೆ. ಬರೆಯುತ್ತಿರುವ ಕೈಯಲ್ಲಿ ತೊಳೆದ ಒದ್ದೆ ಇನ್ನೂ ಆರಿಲ್ಲ.

ಅಲೀಮಮ್ಮನಿಗೆ ಐವತ್ಮೂರು ವರ್ಷ. ಮನೆ ಜಾಲ್ಸೂರಿನಲ್ಲಿ, ಕಾಸರಗೋಡಿಗೆ ತಿರುಗುವ ರಸ್ತೆಯ ಬದಿಗೆ. ಗಂಡ ಅದ್ರಾಮರದು ಒಣಮೀನಿನ ವ್ಯಾಪಾರ. ಹತ್ತೊಂಬತ್ತು ವರ್ಷದಿಂದ ವಾರಕ್ಕೆ ಆರು ದಿನ ಸಂಜೆ ಐದೂವರೆಯ ಬಸ್ಸು ಹತ್ತಿ ಪುತ್ತೂರಿಗೆ ಬರುತ್ತಾರೆ, ಬೆಳಿಗ್ಗೆ ಏಳೂಕಾಲರ ಬಸ್ಸಿಗೆ ಹಿಂದಿರುಗುತ್ತಾರೆ. ವಾರ್ಡಿನಲ್ಲಿ ಹದಿನಾಲ್ಕು ಮಂಚ. ಒಂದು ಪಾಳಿಯಲ್ಲಿ ಸುಮಾರು ಇಪ್ಪತ್ತೈದು ಸಲ ಬೆಡ್‌ಪ್ಯಾನ್ ಇಡುವುದು, ತೆಗೆಯುವುದು. ಎದ್ದು ಕೂರಲಾಗದವರ ಮಗ್ಗುಲು ಎರಡು ಗಂಟೆಗೊಮ್ಮೆ ಬದಲಿಸುವುದು. ಮನೆಯಲ್ಲಿ ಬ್ಯಾರಿ, ಜಾಲ್ಸೂರಿನ ಪೇಟೆಯಲ್ಲಿ ಮಲಯಾಳ, ವಾರ್ಡಿನಲ್ಲಿ ತುಳು, ಡಾಕ್ಟರ ಹತ್ತಿರ ಕನ್ನಡ, ಸುಳ್ಯದ ಕಡೆಯ ಮುದುಕರ ಹತ್ತಿರ ಅರೆಭಾಷೆ. ನೋವು ಎಲ್ಲಿ ಎಂದು ಐದು ಭಾಷೆಯಲ್ಲಿ ಕೇಳಬಲ್ಲರು. ಇಷ್ಟು ವರ್ಷದಲ್ಲಿ ಇದು ವಿಶೇಷವೆಂದು ಯಾರೂ ಹೇಳಿಲ್ಲ, ಅವರಿಗೂ ಹಾಗೆ ಅನ್ನಿಸಿಲ್ಲ.

ಈ ಜೂನಿನಲ್ಲಿ ನರ್ಸಿಂಗ್ ಹೋಮಿನ ಆಡಳಿತ ಕೈ ಬದಲಾಯಿಸಿತು. ಅಲ್ಲಿಯವರೆಗೆ ಪಾಳಿ ಬದಲಾಗುವುದು ಮೆಟ್ಟಿಲಿನ ಮೇಲೆ. ಇಳಿಯುತ್ತಿದ್ದ ಅಲೀಮಮ್ಮ, ಹತ್ತುತ್ತಿದ್ದ ಹಗಲು ಪಾಳಿಯ ಆಯಾ ಶಮೀನಾಳಿಗೆ ಎರಡೇ ನಿಮಿಷದಲ್ಲಿ ಬ್ಯಾರಿಯಲ್ಲಿ ವಾರ್ಡಿನ ಸುದ್ದಿ ಒಪ್ಪಿಸಿಬಿಡುತ್ತಿದ್ದರು. ಹೊಸ ಆಡಳಿತ ಬಾಯಿಮಾತು ಬೇಡವೆಂದಿತು. ಇನ್ನು ಎಲ್ಲವೂ ಪುಸ್ತಕದಲ್ಲಿ, ಅದೂ ಇಂಗ್ಲಿಷಿನಲ್ಲಿ. ಹೊಸ ಡಾಕ್ಟರುಗಳು ಹೊರರಾಜ್ಯದವರು, ಅವರೂ ಓದಬೇಕು. ಪುಸ್ತಕದಲ್ಲಿ ಮೂರು ಕಾಲಂ: ಲಾಸ್ಟ್ ನೈಟ್, ನೌ, ಟುಡೇ. ಹದಿನಾಲ್ಕು ಮಂಚಕ್ಕೆ ಮೂರರಂತೆ ದಿನಕ್ಕೆ ನಲವತ್ತೆರಡು ವಾಕ್ಯ. ಜುಲೈ ಮೂವತ್ತೊಂದರ ಒಳಗೆ ಮೂರೂ ಕಾಲಂ ತುಂಬಿಸಲು ಬಾರದ ಆಯಾಗಳು ನೆಲಮಾಳಿಗೆಯ ಬಟ್ಟೆ ತೊಳೆಯುವ ವಿಭಾಗಕ್ಕೆ ಹೋಗಬೇಕು.

ಸಂಬಳ ಅಷ್ಟೇ, ಕೆಲಸ ಹಗಲಿನದು, ಬೆನ್ನಿಗೂ ಸುಲಭ. ಕೆಲವರು ಖುಷಿಯಿಂದಲೇ ಹೋದರು. ಅಲೀಮಮ್ಮ ಹೋಗಲಾರರು. ಕಾರಣ ಕೇಳಿದರೆ ಬೇರೆ ಯಾವುದನ್ನೂ ಹೇಳುವುದಿಲ್ಲ. "ಬಟ್ಟೆಯೊಟ್ಟಿಗೆ ಎಂತ ಮಾತಾಡುದು?"

ಅವರು ಓದಿದ್ದು ಐದನೇ ಕ್ಲಾಸು. ಇಂಗ್ಲಿಷ್ ಅಕ್ಷರಗಳನ್ನು ಮಾತ್ರೆಯ ಪಟ್ಟಿಗಳಿಂದ ಕಲಿತವರು. ಕ್ಯಾಂಟೀನಿನಲ್ಲಿ ಬುಧವಾರದ ಇಂಗ್ಲಿಷ್ ಕ್ಲಾಸು ಶುರುವಾದ ಮೇಲೆ ಆ ದಿನ ಎರಡೂವರೆಯ ಬಸ್ಸಿಗೇ ಹೊರಡುತ್ತಾರೆ. ಕಲಿಸುವವಳು ಸಮನ್ವಿತಾ, ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಹುಡುಗಿ. ಅಲೀಮಮ್ಮನಿಗಿಂತ ಮೂವತ್ತು ವರ್ಷ ಚಿಕ್ಕವಳು.

ಮೊದಲ ತೊಡಕು ಸರ್ವನಾಮದಿಂದ. ಎಪ್ಪತ್ತು ವರ್ಷದ ಹಿರಿಯರನ್ನು 'ಹಿ' ಎಂದು ಏಕವಚನದಲ್ಲಿ ಬರೆಯಲು ಕೈ ಬರಲಿಲ್ಲ. ಎಲ್ಲರಿಗೂ ಗೌರವ ಕೊಟ್ಟು 'ದೇ' ಎಂದು ಬರೆದರು. ಒಂದೊಂದು ಮಂಚದಲ್ಲಿ ಎಷ್ಟು ಜನ ಮಲಗಿದ್ದಾರೆ ಎಂದು ವಾರ್ಡಿನ ಮೇಲ್ವಿಚಾರಕಿ, ಸಿಸ್ಟರ್ ಶಂಕರಿ ಕೇಳಿದ ಮೇಲೆ ಗೌರವವನ್ನು ಬಿಡಬೇಕಾಯಿತು.

ಎರಡನೆಯದು ವಾರ. ಒಂದು ಶುಕ್ರವಾರ ಬೆಳಿಗ್ಗೆ 'ಆನ್ ಫ್ರೈಡೇ ನೈಟ್' ರೋಗಿಯೊಬ್ಬರು ವಾಂತಿ ಮಾಡಿದರೆಂದು ಬರೆದರು. ಬೆಳಿಗ್ಗೆ ಆರಕ್ಕೆ ಬರೆದ ಪುಸ್ತಕದಲ್ಲಿ ಇನ್ನೂ ಬಾರದ ರಾತ್ರಿಯ ವಾಂತಿ ಹೇಗೆ ಬಂತೆಂದು ಶಂಕರಿಗೆ ಅರ್ಥವಾಗಲಿಲ್ಲ. ಅಲೀಮಮ್ಮನ ಮನೆಯ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಗುರುವಾರ ಕತ್ತಲಾದರೆ ಅದು ಶುಕ್ರವಾರದ ರಾತ್ರಿ. ಶಂಕರಿ ನಕ್ಕು ತಿದ್ದಿದರು. ಅಲೀಮಮ್ಮನಿಗೆ ನಗು ಬರಲಿಲ್ಲ. ಐವತ್ಮೂರು ವರ್ಷ ಸರಿ ಇದ್ದ ಶುಕ್ರವಾರ ಪುಸ್ತಕಕ್ಕೆ ಬಂದ ಕೂಡಲೇ ಹೇಗೆ ತಪ್ಪಾಯಿತೋ ಅವರಿಗೆ ಈಗಲೂ ಗೊತ್ತಾಗಿಲ್ಲ.

ಮೂರನೆಯದು ಇನ್ನೂ ಬಗೆಹರಿಯದ ಜಗಳ. ಬೆಳಿಗ್ಗೆಗೆ 'ಇನ್', ಸಂಜೆಗೆ 'ಇನ್', ರಾತ್ರಿಗೆ ಮಾತ್ರ 'ಅಟ್'. ದೊಡ್ಡ ಅವಧಿಗೆ ಒಂದು, ಚುಕ್ಕಿಯಂಥ ಸಮಯಕ್ಕೆ ಇನ್ನೊಂದು ಎಂದು ಸಮನ್ವಿತಾ ಬೋರ್ಡಿನಲ್ಲಿ ಚಿತ್ರ ಬರೆದು ತೋರಿಸಿದಳು.

"ರಾತ್ರಿ ಎಂತ ಚುಕ್ಕಿಯಾ ಟೀಚರೇ?" ಅಲೀಮಮ್ಮ ಕೇಳಿದರು. "ಹನ್ನೆರಡು ಗಂಟೆ ನಿಂತು ನೋಡಿ ಒಮ್ಮೆ."

ಸಮನ್ವಿತಾ ಬೋರ್ಡಿನ ಚಿತ್ರ ಒರೆಸಿದಳು. ಹಾಗೆಯೇ ಬಾಯಿಪಾಠ ಮಾಡಿ ಎಂದಳು. ಮಾಡಿದರು. ಜಾಲ್ಸೂರಿನಿಂದ ಪುತ್ತೂರಿನವರೆಗೆ ಕಿಟಕಿ ಬದಿಗೆ ಕೂತು, ಪ್ರತಿ ಸ್ಟಾಪಿಗೊಂದು ಕ್ರಿಯಾಪದ. ಸ್ಲೀಪ್, ಸ್ಲೆಪ್ಟ್. ಈಟ್, ಏಟ್. ಜೂನ್ ಮುಗಿಯುವಷ್ಟರಲ್ಲಿ ಮೊದಲ ಎರಡು ಕಾಲಂ ಕೈಗೆ ಬಂದವು. ಹಿ ಸ್ಲೆಪ್ಟ್ ಅಟ್ ಟೂ. ಹಿ ಈಸ್ ಕಾಫಿಂಗ್. ಕಾಗುಣಿತ ಹೆಚ್ಚುಕಡಿಮೆಯಾದರೂ ಡಾಕ್ಟರುಗಳಿಗೆ ತಿಳಿಯುತ್ತದೆ.

ಮೂರನೇ ಕಾಲಂ ಮಾತ್ರ ದಿನವೂ ಖಾಲಿ.

ಭವಿಷ್ಯತ್ ಕಾಲ ತಲೆಗೆ ಹತ್ತಲಿಲ್ಲವೆಂದು ಸಮನ್ವಿತಾ ತಿಳಿದಳು. ಅಭ್ಯಾಸದ ಹಾಳೆಗಳ ಮೇಲೆ ಹಾಳೆ ಕೊಟ್ಟಳು. ಅಲೀಮಮ್ಮ ಎಲ್ಲವನ್ನೂ ತಪ್ಪಿಲ್ಲದೆ ತುಂಬಿದರು. ಸೂರ್ಯ ಆರು ಗಂಟೆಗೆ ಹುಟ್ಟುವನು. ರೈಲು ಸೋಮವಾರ ಬರುವುದು. ಹಾಳೆಯಲ್ಲಿ ಬರುವುದು ಪುಸ್ತಕದಲ್ಲಿ ಯಾಕೆ ಬರುವುದಿಲ್ಲ ಎಂದು ಅವಳು ಕೇಳಿದಳು.

"ಸೂರ್ಯ ಹುಟ್ಟುದು ಗ್ಯಾರಂಟಿ," ಅಂದರು ಅಲೀಮಮ್ಮ.

"ರೈಲು?"

"ರೈಲು ಬಾರದಿದ್ರೆ ನನಗೆಂತ?"

ವಾರ್ಡಿನಲ್ಲಿ ಹಾಗಲ್ಲ. ಟುಡೇ ಎಂದರೆ ರೋಗಿಗೆ ಇವತ್ತು ಏನಾಗುತ್ತದೆ ಎಂದು ಬರೆಯಬೇಕೆಂದು ಅವರು ತಿಳಿದಿದ್ದರು. ಬೇರೆ ವಾರ್ಡಿನ ಆಯಾಗಳು 'ಹಿ ವಿಲ್ ಬಿ ಬೆಟರ್' ಎಂದು ಹದಿನಾಲ್ಕು ಸಲ ಬರೆದು ಮನೆಗೆ ಹೋಗುತ್ತಿದ್ದರು. ಅಲೀಮಮ್ಮನಿಗೆ ಅದು ಸಾಧ್ಯವಿರಲಿಲ್ಲ. ಮಂಚದ ಬಳಿ ನಾಳೆಯ ಮಾತು ಎತ್ತಬಾರದೆಂಬುದು ಅವರ ಕೆಲಸದ ನಿಯಮ. ಯಾರೂ ಕಲಿಸಿದ್ದಲ್ಲ, ಏಟು ತಿಂದು ಕಲಿತದ್ದು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಕಡಬದ ಕಡೆಯ ಒಬ್ಬರಿಗೆ, ನೀವು ನಾಳೆ ಮನೆಗೆ ಹೋಗ್ತೀರಿ ಎಂದು ಸುಮ್ಮನೆ ಸಮಾಧಾನಕ್ಕೆ ಹೇಳಿದ್ದರು. ಆ ಮನುಷ್ಯ ಬೆಳಿಗ್ಗೆಯೇ ಶರ್ಟು ಹಾಕಿ, ಚಪ್ಪಲಿ ಮೆಟ್ಟಿ ಕೂತರು. ಡಾಕ್ಟರು ಬಿಡಲಿಲ್ಲ. ಅವರು ಶರ್ಟು ತೆಗೆಯಲಿಲ್ಲ. ನಾಲ್ಕು ದಿನ ಹಾಗೆಯೇ ಕೂತಿದ್ದರು. ಅಲೀಮಮ್ಮ ಊಟ ತಂದರೆ ಮುಖ ತಿರುಗಿಸುತ್ತಿದ್ದರು.

ಅಂದಿನಿಂದ ಹೋಗ್ತೀರಿ, ಗುಣ ಆಗ್ತದೆ ಎಂಬ ಮಾತು ಅವರ ಬಾಯಲ್ಲಿ ಬಂದಿಲ್ಲ. ಈಗ ಅದನ್ನೇ ಬರೆದು ಸಹಿ ಹಾಕಬೇಕು. ಅದೂ ಇಂಗ್ಲಿಷಿನಲ್ಲಿ.

ಜುಲೈ ಇಪ್ಪತ್ತು ದಾಟಿತು. ಕಾಲಂ ಖಾಲಿಯೇ ಇತ್ತು. ಇನ್ನು ಹತ್ತು ದಿನ ಎಂದು ಶಂಕರಿ ನೆನಪಿಸಿದರು. ಮಗಳು ಜಸೀನಾ, ಉಮ್ಮ ಎಂತಾದರೂ ಒಂದು ಗೀಚಿ ಬಿಡಿ ಎಂದಳು. ಆಗ ಅಲೀಮಮ್ಮನಿಗೆ ಒಂದು ದಾರಿ ಹೊಳೆಯಿತು. ರೋಗಿಯ ಬಗ್ಗೆ ಬರೆಯುವುದು ಬೇಡ, ತನ್ನ ಬಗ್ಗೆ ಬರೆದರಾಯಿತು. ಹಿ ಬೇಡ, ಐ ಇರಲಿ. ಐ ವಿಲ್ ವಾಶ್ ಹಿಮ್. ಐ ವಿಲ್ ಗಿವ್ ಗಂಜಿ. ಆದರೆ ಅಲ್ಲಿಯೂ ಒಂದು ಭಯ. ಬರೆದ ಮೇಲೆ ಯಾರದೋ ಉಸಿರು ಏರಿ, ಬೇರೆ ಕೆಲಸಕ್ಕೆ ಓಡಬೇಕಾಗಿ, ಬರೆದದ್ದು ನಡೆಯದೆ ಹೋದರೆ? ಅದಕ್ಕೆ ಅವರು ಮೊದಲು ಕೆಲಸ ಮುಗಿಸತೊಡಗಿದರು. ಆರರ ಒಳಗೆ ಒರೆಸಿದ್ದಾಯಿತು, ಎಂಟರ ಗಂಜಿಯನ್ನು ಆರೂಕಾಲಕ್ಕೇ ಕುಡಿಸಿದ್ದಾಯಿತು. ಆಮೇಲೆ ಪುಸ್ತಕದಲ್ಲಿ 'ವಿಲ್' ಎಂದು ಬರೆದರು. ಸುಳ್ಳಾಗುವ ಪ್ರಶ್ನೆಯೇ ಇಲ್ಲ.

ಏಳು ಗಂಟೆಗೆ ಶಮೀನಾ ಬಂದು ಪುಸ್ತಕ ಓದಿದಳು. ಪಾಳಿ ಈಗ ತನ್ನದು, 'ಐ' ಎಂದರೆ ತಾನೇ ಎಂದುಕೊಂಡಳು. ಒರೆಸಬೇಕು ಎಂದಿದೆ, ಒರೆಸಿದಳು. ಗಂಜಿ ಕೊಡಬೇಕು ಎಂದಿದೆ, ಕೊಟ್ಟಳು. ಮಾತಾಡುವ ಹಾಗಿಲ್ಲವಲ್ಲ, ಯಾರನ್ನೂ ಕೇಳಲಿಲ್ಲ. ಐದು ದಿನ ವಾರ್ಡಿನಲ್ಲಿ ಎಲ್ಲರಿಗೂ ದಿನಕ್ಕೆರಡು ಸ್ನಾನ, ಎರಡು ಗಂಜಿ. ಹೊಸ ಆಡಳಿತದ ಶಿಸ್ತು ಇರಬೇಕೆಂದು ರೋಗಿಗಳು ಸಹಿಸಿಕೊಂಡರು. ಆರನೇ ದಿನ ಪ್ರೇಮನಾಥ ತಡೆಯಲಾರದೆ ಶಂಕರಿಯನ್ನು ಕರೆದರು.

"ಗಂಜಿ ಇರ್ಲಿ ಸಿಸ್ಟರ್, ನಾನು ಬೇಡ ಅನ್ನುದಿಲ್ಲ," ಅಂದರು. "ಈ ಸ್ನಾನ ಒಂದು ಕಮ್ಮಿ ಮಾಡಿ ಮಾರಾಯ್ರೆ. ನಾನೆಂತ ಸರ್ವೀಸಿಗೆ ಬಿಟ್ಟ ಕಾರಾ?"

ಶಂಕರಿ ಪುಸ್ತಕ ಬಿಡಿಸಿ ನೋಡಿದರು. ಮರುದಿನ ಬೆಳಿಗ್ಗೆ ಆರಕ್ಕೇ ಬಂದು, ಅಲೀಮಮ್ಮ ಬರೆಯುವಾಗ ಪಕ್ಕದಲ್ಲಿ ನಿಂತರು. ಮಾಡಿ ಮುಗಿಸಿದ್ದನ್ನು ಮುಂದೆ ಮಾಡುವೆ ಎಂದು ಯಾಕೆ ಬರೆಯುತ್ತೀರಿ ಎಂದು ಕೇಳಿದರು.

"ಮೊದಲೇ ಬರೆದು ಮತ್ತೆ ಆಗದಿದ್ರೆ? ಬರೆದದ್ದು ಸುಳ್ಳಾಗ್ತದಲ್ಲ ಸಿಸ್ಟರ್."

ಶಂಕರಿ ಕುರ್ಚಿ ಎಳೆದು ಕೂತರು. ಸ್ವಲ್ಪ ಹೊತ್ತು ಇಬ್ಬರಲ್ಲಿ ಯಾರಿಗೆ ಯಾವುದು ಅರ್ಥವಾಗಿಲ್ಲ ಎಂಬುದೇ ತಿಳಿಯಲಿಲ್ಲ. ಅಲೀಮಮ್ಮ ಕಡಬದವರ ಶರ್ಟಿನ ಕತೆ ಹೇಳಿದರು. ಶಂಕರಿ ಪೂರ್ತಿ ಕೇಳಿದರು. ಆಮೇಲೆ ಬೇರೆಯೇ ಒಂದು ಪ್ರಶ್ನೆ ಹಾಕಿದರು.

"ಮೊದಲು ಮೆಟ್ಟಿಲಿನಲ್ಲಿ ಶಮೀನಾನಿಗೆ ಎಂತ ಹೇಳ್ತಿದ್ರಿ?"

ಅಲೀಮಮ್ಮ ಯೋಚಿಸಲೂ ಇಲ್ಲ. "ಮೂರನೆಯವರಿಗೆ ಹತ್ತಕ್ಕೆ ಎಕ್ಸ್‌ರೇ ಉಂಟು. ಒಂಬತ್ತನೆಯವರಿಗೆ ಡ್ರೆಸ್ಸಿಂಗ್ ಉಂಟು. ಎಂಟಕ್ಕೆ ಎಲ್ಲರಿಗೂ ಗಂಜಿ ಉಂಟು. ಹಾಗೆ."

"ಅಷ್ಟೇ ಬೇಕಾದ್ದು. ಅದೇ ಮೂರನೇ ಕಾಲಂ."

"ಅದು ಫ್ಯೂಚರಾ?"

"ಮತ್ತೆಂತ?"

ಅಲೀಮಮ್ಮ ಪೆನ್ನು ಕೆಳಗಿಟ್ಟರು. ಹತ್ತೊಂಬತ್ತು ವರ್ಷ ದಿನವೂ ಹೇಳಿದ್ದನ್ನೇ ಎರಡು ತಿಂಗಳಿನಿಂದ ಕಲಿಯಲಾಗದೆ ಒದ್ದಾಡಿದ್ದು. ರೋಗಿಗೆ ಏನಾಗುತ್ತದೆಂದು ಅವರನ್ನು ಯಾರೂ ಕೇಳಿರಲೇ ಇಲ್ಲ. ಬರುವ ಪಾಳಿಯವರಿಗೆ ಯಾವ ಕೆಲಸ ಉಳಿದಿದೆ ಎಂದಷ್ಟೇ ಕೇಳಿದ್ದು. ಸಮನ್ವಿತಾ ವ್ಯಾಕರಣ ಕಲಿಸಿದಳು, ಕಾಲಂ ಯಾತಕ್ಕೆಂದು ಅವಳಿಗೂ ಗೊತ್ತಿರಲಿಲ್ಲ. ಆಡಳಿತದವರು ಪುಸ್ತಕ ಅಚ್ಚು ಹಾಕಿಸಿದರು, ತಲೆಬರಹ ಒಂದೇ ಪದದಲ್ಲಿ ಮುಗಿಸಿದರು. ತಪ್ಪು ಯಾರದೆಂದು ಕೇಳಿದರೆ ಶಂಕರಿ ಸಹ ಭುಜ ಹಾರಿಸುತ್ತಾರೆ.

ಉಳಿದ ದಿನಗಳಲ್ಲಿ ಮೂರನೇ ಕಾಲಂ ತುಂಬಿತು. ಹಿ ವಿಲ್ ಗೋ ಫಾರ್ ಎಕ್ಸ್‌ರೇ ಅಟ್ ಟೆನ್. ಈ ವಾಕ್ಯ ಬರೆಯುವಾಗ ಮೊದಮೊದಲು ಕೈ ತಡೆಯಿತು, ಎಕ್ಸ್‌ರೇ ಕೋಣೆಯವರ ಚೀಟಿಯನ್ನು ಎರಡೆರಡು ಸಲ ನೋಡಿ ಬರೆದರು. ಯಾವ ಮಂಚಕ್ಕೂ 'ಹಿ ವಿಲ್ ಬಿ ಬೆಟರ್' ಎಂದು ಬರೆಯಲಿಲ್ಲ. ಮೂವತ್ತೊಂದರಂದು ಶಂಕರಿ ಹಾಳೆಗಳನ್ನು ಆಡಳಿತಕ್ಕೆ ಕಳಿಸಿದರು. ಆಗಸ್ಟ್ ಒಂದರಂದು ನೋಟೀಸ್ ಬೋರ್ಡಿಗೆ ಬಂದ ನೆಲಮಾಳಿಗೆಯ ಪಟ್ಟಿಯಲ್ಲಿ ನಾಲ್ಕು ಹೆಸರಿದ್ದವು. ಅಲೀಮಮ್ಮನ ಹೆಸರು ಇರಲಿಲ್ಲ. ಯಾರೂ ಅಭಿನಂದಿಸಲಿಲ್ಲ. ಅವತ್ತು ರಜೆಯಲ್ಲಿದ್ದ ಇನ್ನೊಬ್ಬ ಆಯಾಳ ಪಾಳಿಯನ್ನೂ ಅವರೇ ಮಾಡಬೇಕಾಯಿತು.

ಬುಧವಾರದ ಕ್ಲಾಸಿಗೆ ಈಗಲೂ ಹೋಗುತ್ತಾರೆ. ರಾತ್ರಿಗೆ 'ಅಟ್' ಯಾಕೆಂದು ಈಗಲೂ ಒಪ್ಪಿಲ್ಲ. ಶುಕ್ರವಾರ ಬೆಳಿಗ್ಗೆ ಪುಸ್ತಕದಲ್ಲಿ ಕಳೆದ ರಾತ್ರಿಯ ವಾರ ಬರೆಯುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿಬರುತ್ತಾರೆ, ಆದರೂ ಸಂಶಯ ಹೋಗುವುದಿಲ್ಲ. ಆಡಳಿತದಿಂದ ಏನಾದರೂ ಬೇಕೇ ಎಂದು ಕೇಳಿದರೆ ಸಂಬಳ, ರಜೆ ಯಾವುದನ್ನೂ ಎತ್ತುವುದಿಲ್ಲ. ಪ್ರತಿ ಕಾಲಮ್ಮಿನ ತಲೆಯ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆಸಿದರೆ ಸಾಕು ಎನ್ನುತ್ತಾರೆ.

"ಎಂತ ಕೇಳುದು ಅಂತ ಮೊದಲೇ ಹೇಳಿ," ಎನ್ನುತ್ತಾರೆ ಅಲೀಮಮ್ಮ. "ಉತ್ತರವನ್ನು ನಾನು ಯಾವ ಭಾಷೆಯಲ್ಲಾದ್ರೂ ಕಲಿತು ಹೇಳ್ತೇನೆ."