ಎಡಮೂಲೆಯ ತೀರ್ಪು

ಮೂಲೆ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವವರಿಗೆ ನಮ್ಮ ಶಿಕಾರಿಪುರದಲ್ಲಿ ಬರವಿಲ್ಲ. ಈಶಾನ್ಯದಲ್ಲಿ ನೀರಿರಲಿ, ನೈರುತ್ಯದಲ್ಲಿ ಭಾರವಿರಲಿ ಎಂದು ಕೇಳದಿದ್ದರೂ ಹೇಳುತ್ತಾರೆ. ಮೇಷ್ಟರಿಕೆಯಿಂದ ನಿವೃತ್ತನಾದ ಮೇಲೆ ನನಗೂ ಆ ಚಟ ಹತ್ತಿದೆ. ಆದರೆ ನಾನು ನೋಡುವುದು ಗೋ ಆಟದ ಮೂಲೆಗಳನ್ನು.

ಗೋ ಅಂದರೆ ಚೀನಾ ಕಡೆಯ ಹಳೇ ಆಟ. ಗೆರೆ ಕೂಡುವಲ್ಲಿ ಒಬ್ಬರು ಕಪ್ಪು ಕಾಯಿ, ಇನ್ನೊಬ್ಬರು ಬಿಳಿ ಕಾಯಿ ಇಡುತ್ತ ಜಾಗ ಸುತ್ತುವರಿಯಬೇಕು. ನಮ್ಮಲ್ಲಿ ಮೂಲೆಗೆ ತಳ್ಳಿದರು ಅಂದರೆ ಮರ್ಯಾದೆ ಹೋಯಿತು ಅಂತ. ಗೋದಲ್ಲಿ ಎಲ್ಲರೂ ಮೊದಲು ಓಡುವುದೇ ಮೂಲೆಗೆ. ಎರಡು ಕಡೆ ಮೊದಲೇ ಬೇಲಿಯಿರುವ ಹೊಲದಂತೆ, ಕಡಿಮೆ ಕಾಯಲ್ಲಿ ಜಾಗ ದಕ್ಕುತ್ತದೆ. ಹಾಗಂತ ದಕ್ಕಿದ ಮೂಲೆಯೆಲ್ಲ ಒಳ್ಳೆಯದಲ್ಲ. ಒಳಗೆ ಉಸಿರಾಡಲು ಖಾಲಿ ಜಾಗ ಉಳಿಯದಿದ್ದರೆ ಅದು ಸತ್ತ ಮೂಲೆ. ಬದುಕುವ ಮೂಲೆಯನ್ನು ಅದರ ಪಾಡಿಗೆ ಬಿಟ್ಟು ಬೇರೆ ಕಡೆ ಆಡುವ ಧೈರ್ಯ ದೊಡ್ಡ ಆಟಗಾರನ ಗುರುತು. ನಾನು ಮೋಸಹೋದದ್ದು ಇಲ್ಲೇ.

ನನ್ನ ಜೊತೆಗಾರ ಚನ್ನಬಸಪ್ಪನವರದು ಬಟ್ಟೆ ಅಂಗಡಿ, ಇಲ್ಲೊಂದು, ಸೊರಬದಲ್ಲೊಂದು. ನಮ್ಮ ಕಾಯಿಗಳೂ ಆ ಅಂಗಡಿಯಿಂದ ಬಂದ ಅಂಗಿ ಗುಂಡಿಗಳೇ. ಈ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಕೈಕಾಲು, ಮಾತು ಬೇಗ ಸರಿಹೋದವು. ಮತ್ತೆ ಡಾಕ್ಟರ ಹತ್ತಿರ ಹೋಗಲು ಸುತರಾಂ ಒಪ್ಪದೆ, ಸ್ಕೂಟರ್ ಹತ್ತಿ ಸೊರಬಕ್ಕೆ ಹೋಗುತ್ತೇನೆಂದು ಹಟ ಹಿಡಿದರು. ಅವರ ಹೆಂಡತಿ ಗಿರಿಜಕ್ಕ ಕೀಯನ್ನು ಸೆರಗಿಗೆ ಕಟ್ಟಿಕೊಂಡು ನನ್ನನ್ನು ಕೇಳಿದರು: "ಮೇಷ್ಟ್ರೇ, ದಿನಾ ಎದುರಿಗೆ ಕೂತು ಆಡ್ತೀರಿ. ಇವ್ರ ತಲೆ ಸರಿಗೈತೇನ್ರೀ? ನೀವು ಹೂಂ ಅಂದ್ರೆ ಕೊಡ್ತೀನಿ."

ನಾನೋ, ಖುಷಿಯಲ್ಲಿದ್ದೆ. ಅವರ ಆಟ ಎಷ್ಟು ಗಂಭೀರವಾಗಿಬಿಟ್ಟಿತ್ತು ಅಂತೀರಿ! ಅವರ ಎಡಗಡೆಯ ಮೂಲೆಗೆ ನಾನು ಕೈಹಾಕಿದರೂ ಲಕ್ಷ್ಯವಿಲ್ಲದೆ ಬಲಗಡೆ ಆಡುತ್ತಿದ್ದರು. ಅಬ್ಬಾ, ಇದಪ್ಪಾ ನಿರ್ಲಿಪ್ತತೆ ಎಂದುಕೊಂಡೆ. "ಮೊದಲಿಗಿಂತ ಚುರುಕಾಗಿದ್ದಾರೆ, ಕೊಡ್ರಿ" ಎಂದೂ ಹೇಳಿಬಿಟ್ಟೆ.

ಕೀ ಕೊಡುವ ದಿನ ಬೆಳಿಗ್ಗೆ ಒಂದಾಟಕ್ಕೆ ಕೂತೆವು. ಎಡಮೂಲೆಯಲ್ಲಿ ಅವರ ಬಿಳಿ ಗುಂಡಿಗಳ ಸುತ್ತ ನನ್ನ ಕಪ್ಪು ಬಿಗಿಯುತ್ತ ಬಂತು. ಅಲ್ಲೊಂದು ಬಿಳಿ ಇಡಲೇಬೇಕು. ನಿನ್ನೆ ಕಲಿತವರಿಗೂ ಕಾಣುವಂಥದ್ದು. ಅವರು ಬಲಕ್ಕೇ ಇಟ್ಟರು. ನಾನು ಕಪ್ಪು ಇಟ್ಟು ಮೂಲೆಯನ್ನು ಮುಗಿಸಿದೆ. ಆಗ ಅವರು, "ಗಿರಿಜಾ, ಚಾ ಎಲ್ಲಿ?" ಅಂದರು. ಚಾ ಅವರ ಎಡಗಡೆಯೇ ಆರುತ್ತ ಕೂತಿತ್ತು. ನಿರ್ಲಿಪ್ತತೆಯೂ ಇಲ್ಲ, ಮಣ್ಣೂ ಇಲ್ಲ. ಲಕ್ವ ಹೊಡೆದ ಮೇಲೆ ಅವರಿಗೆ ಎಡಗಡೆ ಕಾಣುತ್ತಲೇ ಇರಲಿಲ್ಲ.

ಮಣೆಯನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸಿದೆ. ಆ ಮೂಲೆ ಅವರ ಬಲಕ್ಕೆ ಬಂತು. ಬಗ್ಗಿ ಬಹಳ ಹೊತ್ತು ನೋಡಿದರು.

"ಇದ್ಯಾವಾಗ ಆಯ್ತ್ರೀ ಮೇಷ್ಟ್ರೇ?"

"ಈಗಷ್ಟೇ. ನಿಮ್ಮ ಮುಂದೇನೇ."

ಮೆಲ್ಲಗೆ ಎಡಗೈ ಪಕ್ಕಕ್ಕೆ ಚಾಚಿದರು. ಬೆರಳು ಲೋಟಕ್ಕೆ ತಾಗಿತು. ಮುಖ ಸಣ್ಣದಾಯಿತು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

"ಮಣೆ ಆದ್ರೆ ತಿರುಗಿಸಬಹುದು," ಅಂದರು. "ಸೊರಬದ ರಸ್ತೆ ತಿರುಗಿಸಾಕೆ ಬರಲ್ಲ. ಗಿರಿಜಾ, ಕೀ ನಿನ್ನ ಹತ್ರಾನೇ ಇರ್ಲಿ. ಬಸ್ಸಿಗೆ ಹೋಗಾಣ. ನೀನು ನನ್ನ ಎಡಕ್ಕೆ ಕೂತ್ಕೋ."

ಇನ್ನೇನು ಆಟ ಎಂದು ನಾನು ಗುಂಡಿಗಳನ್ನು ಬಾಚಿಕೊಳ್ಳಹೋದೆ. ಕೈ ಹಿಡಿದರು.

"ಸತ್ತೈತೆ ಅಂತ ಯಾರು ಹೇಳಿದ್ದು? ತಡೀರಿ."

ಮೂಲೆಯ ತುದಿಗೆ ಒಂದು ಬಿಳಿ ಗುಂಡಿ ಇಟ್ಟರು. ನಾನು ಹಾಗೆ ನೋಡಿದೆ, ಹೀಗೆ ನೋಡಿದೆ. ಮೂಲೆ ಬದುಕಿತ್ತು.