ಕಾಯಿ ಒಡೆದ ಮೇಲೆ ಆಡಬಾರದ ಮಾತು

ಕಂಠೆಪ್ಪನ ಮುಂದೆ ‘ಬೀಳು’ ಎಂಬ ಮಾತು ಯಾರೂ ಆಡುತ್ತಿರಲಿಲ್ಲ. ಕೈಯಿಂದ ಹಂಚು ಜಾರಿ ಚೂರಾದರೂ ಅವನ ಬಾಯಲ್ಲಿ ಅದು ‘ಇಳೀತು’ ಅಷ್ಟೇ. ಮಾಡಿಗೆ ಏಣಿ ಆನಿಸಿ, ಬುಡದಲ್ಲಿ ತೆಂಗಿನಕಾಯಿ ಒಡೆದರೆ ಕೆಲಸ ಮುಗಿಯುವತನಕ ಅಪಘಾತ, ಆಸ್ಪತ್ರೆ, ವಿಮೆ ಯಾವುದರ ಸುದ್ದಿಯೂ ಕೂಡದು. ಗೋವಾಕ್ಕೆ ಬಂದ ಹೊಸದರಲ್ಲಿ ಹಂಚು ಹೊದಿಸಲು ಕಲಿಸಿದ ಮಿಸ್ತ್ರಿಯಿಂದ ಬಂದ ಪದ್ಧತಿ ಅದು.

ಹೆಂಡತಿ ಶಿವವ್ವನಿಗೂ ಅದು ಸರಿಯೆನಿಸಿತ್ತು, ಈ ಬೇಸಿಗೆಯತನಕ. ವಾಸ್ಕೋದಲ್ಲಿ ಅವರ ಪಕ್ಕದ ಖೋಲಿಯ ದೇವಲಪ್ಪ ಬಂದರಿನ ಕೆಲಸದಲ್ಲಿ ಸೊಂಟ ಮುರಿದುಕೊಂಡು, ಬಿಡಿಗಾಸೂ ಸಿಗದೆ ಊರಿಗೆ ಹೋದ. ಅಂದಿನಿಂದ ಗಂಡನಿಗೂ, ಅವನ ಜೊತೆ ಮಾಡು ಏರುವ ಮೈದುನ ಮುತ್ತುವಿಗೂ ವಿಮೆ ಮಾಡಿಸಬೇಕೆಂದು ಅವಳು ಹಟ ಹಿಡಿದಳು.

“ಏಜೆಂಟ್ ಜುನೇದಣ್ಣ ಮನಿಗೇ ಬರ್ತೇನಂದಾನ. ಒಂದು ಸಹಿ ಹಾಕ್ರಲಾ.”

“ಏಣಿ ನಿಂತೈತಿ. ಮಲಗಿದ ದಿನ ಹಾಕ್ತೇನಿ.”

“ಮಳಿಗಾಲ ಬರೂತನಕ ನಿಮ್ಮ ಏಣಿ ಯಾವತ್ತು ಮಲಗೈತಿ?”

ಕಂಠೆಪ್ಪ ನಕ್ಕ. ಆ ನಗುವಿನ ಎದುರು ಯಾರೂ ವಾದ ಮಾಡಿ ಗೆದ್ದದ್ದಿಲ್ಲ. ಆದರೆ ಅವಳು ಹೇಳಿದ್ದು ನಿಜ. ಮಳೆಗೆ ಮುಂಚೆ ಎಲ್ಲರಿಗೂ ಹಂಚು ಸರಿಪಡಿಸಿಕೊಳ್ಳುವ ಅವಸರ. ಏಣಿ ಒಂದು ಮನೆಯಿಂದ ಇಳಿದರೆ ಇನ್ನೊಂದಕ್ಕೆ ಆನುತ್ತಿತ್ತು.

ಹಾಗೆ ಅದು ಫಾತೋರ್ಡಾದ ಪದ್ಮಶ್ರೀಯವರ ಹಳೆಯ ಮನೆಗೆ ಬಂತು. ಧಾರವಾಡದ ಕಡೆಯ ಆಕೆ ಕಚೇರಿಗೆ ಹೊರಟವರು ಅಂಗಳದಲ್ಲಿ ನಿಂತು ಕೇಳಿದರು:

“ಮಿಸ್ತ್ರಿ, ನಿಮಗ ವಿಮಾ ಐತಿಲ್ಲೋ?”

“ಅಕ್ಕಾರ, ಆ ಮಾತು ನಿನ್ನೆ ಕೇಳಬೇಕಿತ್ತು. ಈಗ ಕಾಯಿ ಒಡದಾತು.”

“ಹಂಗಂದ್ರ?”

“ಹಂಗಂದ್ರ ಚಾ ಕೊಡ್ರಿ, ಕೆಲಸ ಸುರು ಮಾಡ್ತೇವಿ.”

ಪದ್ಮಶ್ರೀಯವರಿಗೂ ನಗು ಬಂತು. “ಇರ್ಲಿ, ನಮ್ಮ ಮನಿಗಂತೂ ವಿಮಾ ಐತಿ,” ಎಂದು ಹೊರಟುಹೋದರು.

ಸಂಜೆ ಕಂಠೆಪ್ಪ ಆ ಮಾತನ್ನು ಮನೆಗೆ ತಂದ. “ಆ ಮನಿಗೇ ವಿಮಾ ಐತಂತ. ಮನಿ ಮ್ಯಾಲೆ ಇರೋರು ನಾವು. ಅಂದಮ್ಯಾಲೆ ನಾವೂ ಅದರಾಗ ಬಂದ್ವಿಲ್ಲ?” ಶಿವವ್ವನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೂ ಓದಿದವರ ಮನೆ, ಇದ್ದರೂ ಇರಬಹುದು ಎಂದುಕೊಂಡು ಬಾಯಿ ಮುಚ್ಚಿದಳು.

ಮರುದಿನ ಮಾಡಿನ ಮೇಲೆ, ಹಂಚಿನಡಿಯ ಗೆದ್ದಲು ತಿಂದ ರೀಪು ಅವನ ಕಾಲಡಿ ಮುರಿಯಿತು. ಕೆಳಗೆ ಅಂಗಳದ ಕಲ್ಲುಹಾಸು. ಆಸ್ಪತ್ರೆ ಮುಟ್ಟುವ ಮೊದಲೇ ಕಂಠೆಪ್ಪ ಹೋಗಿಬಿಟ್ಟ.

ದಿನಕರ್ಮ ಮುಗಿದ ಮೇಲೆ ಜುನೇದ ಶಿವವ್ವನ ಮುಂದೆ ಪದ್ಮಶ್ರೀಯವರ ಪಾಲಿಸಿ ಓದಿ ನೋಡಿದ. ಬೆಂಕಿ, ಬಿರುಗಾಳಿ, ಗೋಡೆ, ಸಾಮಾನು ಎಲ್ಲವೂ ಅದರಲ್ಲಿದ್ದವು. ಮಾಡು ಏರಿದ ಮನುಷ್ಯ ಇರಲಿಲ್ಲ.

“ಕೆಲಸದವರಿಗೆ ಬ್ಯಾರೆ ಮಾಡಸಬೇಕ್ರಿ. ಎತ್ತರದಾಗಿನ ಕೆಲಸ ಅಂತ ಖರೇ ಹೇಳಿ, ಏರೋಕಿಂತ ಮೊದ್ಲ,” ಎಂದ.

“ಮನಿ ವಿಮಾ ಅಂದ್ರ ಎಲ್ಲಾ ಬಂತು ಅನ್ಕೊಂಡಿದ್ದೆ,” ಎಂದರು ಪದ್ಮಶ್ರೀ.

ಮಾಡು ಅರ್ಧ ತೆರೆದೇ ಇತ್ತು. ಮೋಡ ಕವಿಯತೊಡಗಿದಾಗ ಮುತ್ತು ಕೆಲಸ ಮುಗಿಸಲು ಹೊರಟ. ಶಿವವ್ವ ಅವನ ಬೈಕಿನ ಹಿಂದೆ ಕುಳಿತಳು. ಅಂಗಳದಲ್ಲಿ ಅವನು ಏಣಿ ಆನಿಸಿ ಕಾಯಿ ತೆಗೆಯುವಷ್ಟರಲ್ಲಿ ಅಡ್ಡ ಬಂದು ನಿಂತಳು.

“ಬಾಜೂಕ ಸರಿ ವೈನಿ, ಮಳಿ ಬರಾಕತ್ತೈತಿ.”

“ಬರ್ಲಿ. ವಿಮಾ ಆಗೂತನಕ ನೀ ಏರಂಗಿಲ್ಲ.”

“ಏಣಿ ಮುಂದ ಆ ಮಾತು ಆಡಬ್ಯಾಡ…”

“ನಾ ಆಡಲಿಲ್ಲೋ ಮುತ್ತು. ಆದ್ರೂ ಬಿದ್ದ ನಿಮ್ಮಣ್ಣ. ಬಿದ್ದ ಸತ್ತ.”

ಬಾಗಿಲಲ್ಲಿದ್ದ ಪದ್ಮಶ್ರೀ ಒಳಗೆ ಹೋಗಿ ಜುನೇದನಿಗೆ ಫೋನು ಹಚ್ಚಿದರು. ಹಣ ಈಗಲೇ ಕಟ್ಟಿದರೂ ವಿಮೆ ಚಾಲೂ ಆಗುವುದು ನಾಳೆಯಿಂದ ಎಂದನಂತೆ. “ನಾಳೇನ ಏರ್ಲಿ ಬಿಡು,” ಎಂದರು ಹೊರಗೆ ಬಂದು.

ಮಳೆ ಮಾತ್ರ ನಾಳೆಯತನಕ ಕಾಯಲಿಲ್ಲ. ತೆರೆದ ಮಾಡಿನಿಂದ ನೀರು ನೇರವಾಗಿ ನಡುಮನೆಗೆ ಸುರಿಯಿತು. ಇಬ್ಬರೂ ಹೆಂಗಸರು ಕಪಾಟನ್ನು ತಳ್ಳಿಕೊಂಡು ಅಡುಗೆಮನೆಗೆ ಸಾಗಿಸಿದರು. ಮುತ್ತು ಮೇಲೆ ನೋಡಿದ, ಹೊರಗೆ ನೆನೆಯುತ್ತಿದ್ದ ಏಣಿಯನ್ನು ನೋಡಿದ. ಶಿವವ್ವ ಅವನ ಕೈಗೆ ಬಕೆಟ್ಟು ಕೊಟ್ಟಳು.