ಮೆಟಿಲ್ಡಾ ಬಾಯಿ ಹಾಕುತ್ತಿದ್ದ ಬ್ರೇಕು

ದುಬೈಯ ಮುರಕ್ಕಬಾತಿನ ನಮ್ಮ ಕಟ್ಟಡದಲ್ಲಿ ಡ್ರೈವಿಂಗ್ ಲೈಸೆನ್ಸ್ ಇದ್ದೂ ಕಾರಿಲ್ಲದವರು ಒಬ್ಬರೇ, ನಮ್ಮ ಎದುರು ಫ್ಲ್ಯಾಟಿನ ಮೆಟಿಲ್ಡಾ ಬಾಯಿ. ಶಿರ್ವದ ಕಡೆಯವರು, ಹತ್ತಿರದ ಕ್ಲಿನಿಕ್ಕಿನಲ್ಲಿ ನರ್ಸು. ಗಂಡ ತೀರಿಕೊಂಡ ಮೇಲೆ, ಧೈರ್ಯ ತೋರಿಸಬೇಕೆಂದೋ ಏನೋ, ಟೆಸ್ಟಿನಲ್ಲಿ ಬಿದ್ದು ಎದ್ದು ಲೈಸೆನ್ಸ್ ಗಿಟ್ಟಿಸಿದ್ದರು. ಮಗಳು ರೀಮಾ ಇಲ್ಲೇ ಶಾಲೆಗೆ ಹೋಗುತ್ತಿದ್ದಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಜಾತಿ. ಇಬ್ಬರ ವೀಸಾವೂ ಆ ಒಂದು ಕೆಲಸಕ್ಕೇ ಗಂಟು ಬಿದ್ದಿತ್ತು.

ಕಾರಿಲ್ಲದ ಲೈಸೆನ್ಸಿಗೂ ನಮ್ಮ ಜನ ಒಂದು ಉಪಯೋಗ ಕಂಡುಕೊಂಡಿದ್ದರು. ರಸ್ತೆಯಲ್ಲಿ ತಪ್ಪು ಮಾಡಿದರೆ ದಂಡದ ಜೊತೆಗೆ ಲೈಸೆನ್ಸಿನ ಮೇಲೆ ಬ್ಲ್ಯಾಕ್ ಪಾಯಿಂಟ್ ಬೀಳುತ್ತದೆ. ಪಾಯಿಂಟ್ ತುಂಬಿದರೆ ಲೈಸೆನ್ಸ್ ಖಲಾಸ್. ಆದರೆ ಕ್ಯಾಮೆರಾ ಹಿಡಿಯುವುದು ಕಾರಿನ ಬೆನ್ನನ್ನು, ಓಡಿಸಿದವನ ಮುಖವನ್ನಲ್ಲ. ‘ಓಡಿಸಿದ್ದು ನಾನು’ ಎಂದು ಬೇರೆ ಯಾರಾದರೂ ಸಹಿ ಹಾಕಿದರೆ ಪಾಯಿಂಟ್ ಅವರ ತಲೆಗೆ. ವರ್ಷ ಕಳೆದರೆ ಅದೂ ಅಳಿಸಿಹೋಗುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ನಮ್ಮ ಕಟ್ಟಡದಲ್ಲಿ ನಡೆಯುತ್ತಿರಲಿಲ್ಲ. ಇಲ್ಲಿ ಮಾಡಿದವರು ಯಾರೋ, ಉಣ್ಣುತ್ತಿದ್ದವರು ಮೆಟಿಲ್ಡಾ ಬಾಯಿ.

“ಕಪಾಟಲ್ಲಿ ಸುಮ್ಮನೆ ಕೂತದ್ದಲ್ವಾ, ಯಾರಿಗಾದ್ರೂ ಉಪಕಾರ ಆಗ್ಲಿ” ಎನ್ನುತ್ತಿದ್ದರು. ಒಂದು ಪೈಸೆ ಮುಟ್ಟಿದವರಲ್ಲ. ನನಗೆ ಮಾತ್ರ ಮೈ ಉರಿಯುತ್ತಿತ್ತು. ಉಪಕಾರಕ್ಕೂ ಒಂದು ಮಿತಿ ಬೇಡವೇ?

ಕೊನೆಯ ಉಪಕಾರ ಸ್ವಂತ ತಮ್ಮ ಡ್ಯಾರಲ್‌ನಿಗೆ, ಎರಡು ಸಾವಿರದ ಹದಿನಾಲ್ಕರಲ್ಲಿ. ಇದೇ ಊರಿನ ಸತ್ವಾ ಬಡಾವಣೆಯ ಗ್ಯಾರೇಜಿನಲ್ಲಿ ವ್ಯಾನ್ ಓಡಿಸುವವನು. ಕೆಂಪು ಸಿಗ್ನಲ್ ಹಾರಿದ್ದ. ಅವನ ಲೈಸೆನ್ಸ್ ಆಗಲೇ ಅಂಚಿನಲ್ಲಿತ್ತು. ಅಕ್ಕ ಹೋಗಿ ಅರೇಬಿಕ್ ಕಾಗದಕ್ಕೆ ಸಹಿ ಹಾಕಿ ಬಂದರು. ಯಾವ ರಸ್ತೆ, ಯಾವ ಸಿಗ್ನಲ್, ಒಂದನ್ನೂ ಕೇಳಲಿಲ್ಲ. ಅಂದಿನಿಂದ ಡ್ಯಾರಲ್ ಸತ್ವಾದೊಳಗೇ ಕೊಂಕಣ ಸುತ್ತಿ ಮೈಲಾರಕ್ಕೆ ಹೋಗತೊಡಗಿದ. ಪಕ್ಕದ ಬೀದಿಯ ಬೇಕರಿಗೂ ಊರೆಲ್ಲ ಬಳಸಿ ಹೋಗುತ್ತಾನೆಂದು ನಾವು ನಗುತ್ತಿದ್ದೆವು.

ಮರುವರ್ಷ ಕ್ಲಿನಿಕ್ಕಿನಲ್ಲಿ ಆಳು ಕಡಿಮೆ ಮಾಡಿದರು. ಮನೆಮನೆಗೆ ಹೋಗಿ ವೃದ್ಧರನ್ನು ನೋಡಿಕೊಳ್ಳುವ ನರ್ಸುಗಳನ್ನು ಮಾತ್ರ ಉಳಿಸಿಕೊಳ್ಳುತ್ತಾರಂತೆ, ಅವರಿಗೆ ಸ್ವಂತ ಕಾರು ಇರಬೇಕಂತೆ. ಮೆಟಿಲ್ಡಾ ಬಾಯಿ ಹಳೆಯ ಕಾರೊಂದನ್ನು ಕೊಂಡು, ಇನ್ಶೂರೆನ್ಸ್ ಏಜೆಂಟ್ ಅನ್ಸಾರ್‌ನನ್ನು ಕರೆಸಿದರು. ನಮ್ಮ ಬ್ಯಾರಿ ಹುಡುಗ, ಒಳ್ಳೆಯವನು. ಕಂಪ್ಯೂಟರಿನಲ್ಲಿ ಅವರ ದಾಖಲೆ ತೆಗೆಸಿ ನೋಡಿ ಬಂದವನ ಮುಖ ಬಿಳುಚಿಕೊಂಡಿತ್ತು.

“ಸಿಸ್ಟರ್, ಸ್ಪೀಡಿಂಗ್ ಉಂಟು, ರೆಡ್ ಸಿಗ್ನಲ್ ಉಂಟು, ಫೋನಲ್ಲಿ ಮಾತಾಡಿದ್ದೂ ಉಂಟು. ಪಾಯಿಂಟ್ ಅಳಿಸಿದ್ರೂ ದಾಖಲೆ ಅಳಿಸ್ಲಿಕ್ಕಿಲ್ಲ. ಕಂಪನಿಗೆ ನೀವು ಭಾರೀ ಡೇಂಜರ್ ಜನ.”

ಒಂದು ಕಿಲೋಮೀಟರೂ ಓಡಿಸದೆ ಡೇಂಜರ್ ಆದ ಹೆಂಗಸು! ನಾನು ನಕ್ಕೆ. ಅವರು ನಗಲಿಲ್ಲ.

ಅನ್ಸಾರ್ ಹೇಗೋ ಒಂದು ಕಂಪನಿಯನ್ನು ಒಪ್ಪಿಸಿದ. ಷರತ್ತು ಇಷ್ಟು: ಕಾರಿನಲ್ಲಿ ಅವರು ಓಡಿಸುವ ರೀತಿಯನ್ನು ಅಳೆಯುವ ಪೆಟ್ಟಿಗೆ ಕೂರಿಸುತ್ತಾರೆ. ಪ್ರತಿ ತಿಂಗಳು ಕಂಪನಿ ಅದನ್ನು ನೋಡಿ, ಇವರ ಇನ್ಶೂರೆನ್ಸ್ ಚಾಲ್ತಿಯಲ್ಲಿದೆ ಎಂದು ಕ್ಲಿನಿಕ್ಕಿಗೆ ಪತ್ರ ಕಳಿಸಬೇಕು. ಮೂರು ತಿಂಗಳು ಪತ್ರ ಹೋದರೆ ಕೆಲಸ ಖಾಯಂ. ತಪ್ಪಿದರೆ ಕೆಲಸವಿಲ್ಲ, ವೀಸಾ ಇಲ್ಲ, ತಾಯಿ ಮಗಳು ಊರಿಗೆ.

ಮೊದಲ ತಿಂಗಳ ಪತ್ರದ ಜೊತೆ ಅನ್ಸಾರ್ ಒಂದು ಪ್ರಶ್ನೆಯನ್ನೂ ತಂದ. “ಸತ್ವಾದಲ್ಲಿ ಒಂದೇ ಜಾಗದಲ್ಲಿ ಎಂತಕ್ಕೆ ಹಾಗೆ ಬ್ರೇಕ್ ತುಳಿಯುದು? ಅಲ್ಲಿ ಹಂಪ್ ಇಲ್ಲ, ಜೀಬ್ರಾ ಇಲ್ಲ.”

“ಯಾರೋ ಅಡ್ಡ ಬಂದಿರ್ಬೇಕು” ಎಂದರು ಮೆಟಿಲ್ಡಾ ಬಾಯಿ.

ಎರಡನೆಯ ತಿಂಗಳೂ ಅದೇ. ಪಾತುಮ್ಮ ಎಂಬ ಮುದುಕಿಯ ಮನೆಗೆ ಹೋಗುವಾಗ, ಸಿಗ್ನಲ್ ದಾಟಿದ ಕೂಡಲೇ, ಅದೇ ಜಾಗ. ಇನ್ನೊಮ್ಮೆ ಹೀಗಾದರೆ ಪಾಲಿಸಿ ರದ್ದು ಎಂದಿತು ಕಂಪನಿ. ಅವತ್ತು ನನ್ನ ಬಾಗಿಲು ತಟ್ಟಿ, “ನಾಳೆ ನನ್ನೊಟ್ಟಿಗೆ ಬಾ ಮಾರಾಯ್ತಿ. ಆಚೆ ಬದಿಯಲ್ಲಿ ನಿಲ್ಸಿ, ನಡ್ಕೊಂಡೇ ಹೋಗುವ” ಎಂದರು.

ನಡೆದೇ ಹೋದೆವು. ಹಾಡಹಗಲು. ಟೈಲರ್ ಅಂಗಡಿಗಳು, ಒಂದು ಬೇಕರಿ, ಕಣ್ಣು ಕುಕ್ಕುವ ಬಿಸಿಲು. ಮೆಟಿಲ್ಡಾ ಬಾಯಿ ನನ್ನ ರಟ್ಟೆ ಹಿಡಿದರು.

“ಅಗೋ, ನಿಂತಿದ್ದಾನೆ. ತಲೆ ಮೇಲೆ ಖುಬೂಸ್ ರೊಟ್ಟಿಯ ಚೀಲ, ಬಿಸಿಲಿಗೆ ಅಡ್ಡ. ಒಂದು ಕಾಲಲ್ಲಿ ಚಪ್ಪಲಿ ಇಲ್ಲ ನೋಡು. ಕಾಲು ಸುಡುದಿಲ್ವಾ ಅವನಿಗೆ?”

ನಾನು ನೋಡಿದೆ. ಟಾರು ಬಿಟ್ಟರೆ ಏನೂ ಇರಲಿಲ್ಲ. ಹೆದರಿದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ. “ಕಣ್ಣು ಪರೀಕ್ಷೆ ಮಾಡಿಸಿ” ಎಂದು ಬೈದು ಅವರನ್ನು ಎಳೆದುಕೊಂಡು ಬಂದೆ.

ಅವರು ಕಣ್ಣು ಪರೀಕ್ಷೆ ಮಾಡಿಸಿದರು. ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿದರು. ಮೂರನೆಯ ತಿಂಗಳು ಬೇರೆ ದಾರಿ ಹುಡುಕಿದರು. ಕೊನೆಯ ಶುಕ್ರವಾರ ಆ ದಾರಿಯನ್ನೂ ಅಗೆದು ಮುಚ್ಚಿದ್ದರು.

ಆ ಶುಕ್ರವಾರ ಡ್ಯಾರಲ್ ಕೂಡ ಕಾರಿನಲ್ಲಿದ್ದ. ನಮ್ಮ ಮನೆಗೆ ಊಟಕ್ಕೆ ಬಂದವನನ್ನು ಸತ್ವಾದಲ್ಲಿ ಬಿಡಬೇಕಿತ್ತು. ಅವನು ಮುಂದೆ ಅಕ್ಕನ ಪಕ್ಕ, ನಾನು ಹಿಂದೆ. ಮಧ್ಯಾಹ್ನದ ನಮಾಜಿನ ಹೊತ್ತು, ಅಂಗಡಿಗಳೆಲ್ಲ ಮುಚ್ಚಿ ರಸ್ತೆ ಬಿಕೋ ಎನ್ನುತ್ತಿತ್ತು. ಹರಟುತ್ತಿದ್ದವನು ಕಾರು ಆ ಬೀದಿಗೆ ತಿರುಗಿದ್ದೇ ಸುಮ್ಮನಾದ.

ಸಿಗ್ನಲ್ ಹಸಿರಾಯಿತು. ಕನ್ನಡಿಯಲ್ಲಿ ಮೆಟಿಲ್ಡಾ ಬಾಯಿಯ ಮುಖ ಕಂಡಿತು. ತುಟಿ ಬಿಗಿದುಕೊಂಡಿದ್ದರು. ಕಾರು ನಿಧಾನವಾಗಲಿಲ್ಲ, ವೇಗ ಹಿಡಿಯಿತು.

“ಬ್ರೇಕ್ ಹಾಕು!” ಡ್ಯಾರಲ್ ಕಿರುಚಿದ. “ಜನ ಉಂಟು! ಬ್ರೇಕ್ ಹಾಕು!”

ಕಾರು ಕಿರ್ರೆಂದು ನಿಂತಿತು. ಮುಂದೆ ಖಾಲಿ ರಸ್ತೆ. ಮೆಟಿಲ್ಡಾ ಬಾಯಿ ಎಂಜಿನ್ ಆರಿಸಿ, ತಮ್ಮನ ಕಡೆ ತಿರುಗಿದರು.

“ನಿನಗೆ ಯಾರು ಕಂಡದ್ದು?”

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

“ತಲೆ ಮೇಲೆ ಎಂತ ಉಂಟು ಅವನದು? ಹೇಳು.”

“ರೊಟ್ಟಿ ಚೀಲ” ಎಂದ. ಆಮೇಲೆ ಒಂದೊಂದಾಗಿ ಹೊರಬಂತು. ಸಿಗ್ನಲ್ ಹಾರಿದ ದಿನ ಇಲ್ಲೇ ಏನೋ ತಾಗಿದ ಹಾಗಾಗಿತ್ತು. ಹಿಂದಿನಿಂದ ಕ್ಯಾಮೆರಾ ಮಿಂಚಿತ್ತು. ಬಿದ್ದ ಮನುಷ್ಯ ಏಳಲು ನೋಡುತ್ತಿದ್ದುದು ಕನ್ನಡಿಯಲ್ಲಿ ಕಂಡಿತ್ತು. ಎದ್ದನೋ ಇಲ್ಲವೋ, ನಿಂತು ನೋಡಿರಲಿಲ್ಲ.

ಮೆಟಿಲ್ಡಾ ಬಾಯಿ ಅವನನ್ನು ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು:

“ನೀನು ನಂಗೆ ಪಾಯಿಂಟ್ ಮಾತ್ರ ಕೊಟ್ಟೆ ಅಂತ ಮಾಡಿದ್ದೆ ನಾನು. ಅವನನ್ನೂ ಕೊಟ್ಟದ್ದು ಹೇಳ್ಲಿಲ್ಲ. ಇವತ್ತು ನಂಗೂ ಕಂಡ. ನಿಲ್ಲಿಸ್ಬಾರ್ದು ಅಂತ ಮಾಡಿದ್ದೆ. ಕೆಲಸ ಹೋಗ್ತದಲ್ಲ, ರೀಮಾಳ ಶಾಲೆ ಉಂಟಲ್ಲ. ಅವನ ಮೇಲೆಯೇ ಹೋಗುವ ಅಂತ ಇದ್ದೆ ನಾನು.”

ನನಗೆ ಅಳು ಬಂತು. ಅವರಿಗೆ ಬರಲಿಲ್ಲ. ಕಾರನ್ನು ನೇರ ಪೊಲೀಸ್ ಠಾಣೆಗೆ ಓಡಿಸಿ, ‘ಸಿಗ್ನಲ್ ಹಾರಿದ ದಿನ ವ್ಯಾನ್ ಓಡಿಸಿದ್ದು ನಾನಲ್ಲ’ ಎಂದು ಹೇಳಿದರು. ಅವರ ಹಿಂದೆ ತಲೆ ತಗ್ಗಿಸಿ ನಿಂತಿದ್ದ ಡ್ಯಾರಲ್ ಉಳಿದದ್ದನ್ನು ಹೇಳಿದ.

ಅವನ ಮೇಲೆ ಕೇಸು ನಡೆಯಿತು. ಸುಳ್ಳು ಸಹಿ ಹಾಕಿದ ಇವರ ಲೈಸೆನ್ಸ್ ಹೋಯಿತು, ಅದರ ಹಿಂದೆ ಇನ್ಶೂರೆನ್ಸ್, ಕೆಲಸ, ವೀಸಾ. ತಾಯಿ ಮಗಳನ್ನು ವಿಮಾನ ಹತ್ತಿಸಿ ಬಂದದ್ದು ನಾನೇ. ಆ ಮನುಷ್ಯ ಬದುಕಿದ್ದಾನೋ ಇಲ್ಲವೋ ಎಂದು ಮೆಟಿಲ್ಡಾ ಬಾಯಿ ವಿಮಾನ ನಿಲ್ದಾಣದಲ್ಲೂ ಕೇಳಿದರು. ನನಗೆ ಯಾರೂ ಹೇಳಿರಲಿಲ್ಲ.

ಈಗಲೂ ಸತ್ವಾ ಕಡೆ ಟ್ಯಾಕ್ಸಿಯಲ್ಲಿ ಹೋಗುವಾಗ, ಆ ಸಿಗ್ನಲ್ ದಾಟುತ್ತಲೇ ಡ್ರೈವರನಿಗೆ ನಿಧಾನ ಹೋಗು ಎನ್ನುತ್ತೇನೆ. ಇಲ್ಲಿ ಏನೂ ಇಲ್ಲವಲ್ಲ ಎನ್ನುತ್ತಾನೆ ಅವನು. ನನಗೂ ಏನೂ ಕಾಣುವುದಿಲ್ಲ. ಆದರೂ ನಿಧಾನ ಹೋಗು ಎನ್ನುತ್ತೇನೆ.